ಗೆಂಡೆ ಹೊಂಡಕ್ಕೆ ಯಾವ ಪುಡಿ: ಮಾಂಸ-ಮೂಳೆಯದೋ, ಕೋಳಿ ತ್ಯಾಜ್ಯದ್ದೋ?

ಸೂಳೆಕೆರೆ ಸುತ್ತಮುತ್ತ ಹೊಂಡದಲ್ಲಿ ಕಾಟ್ಲಾ, ರೋಹುವಿನಂಥ ಗೆಂಡೆ ಮೀನು ಬಿಟ್ಟಿದ್ದೀರಾ? ಹಾಗಾದರೆ ಚೀಲದ ಮೇಲಿನ ರಂಜಕದ (ಫಾಸ್ಫರಸ್) ಅಂಕಿ ನೋಡಿ ಮೇವಿಗೆ ಸುಮ್ನೆ ಮಾಂಸ-ಮೂಳೆ ಪುಡಿ ಕೊಳ್ಳಬೇಡಿ.

ಅಂಕಿ ಸುಳ್ಳಲ್ಲ, ಅದರಲ್ಲಿ ರಂಜಕ ಜಾಸ್ತಿನೇ. ಆದರೆ ಗೆಂಡೆ ಜಾತಿಗೆ ಜಠರವೇ ಇಲ್ಲ! ಅನ್ನನಾಳ ಮುಗಿದ ಕೂಡಲೇ ಕರುಳು. ಮೂಳೆ ಕರಗಿಸುವ ಆಮ್ಲ ಎಲ್ಲಿಂದ ಬರಬೇಕು? ಸಾಮಾನ್ಯ ಗೆಂಡೆಗೆ (ಕಾಮನ್ ಕಾರ್ಪ್) ಮೀನಿನ ಪುಡಿಯ ರಂಜಕವೂ ಮೂರರಲ್ಲಿ ಒಂದು ಪಾಲು ದಕ್ಕಿದರೆ ಹೆಚ್ಚು. ಉಳಿದದ್ದು ಹೊಂಡಕ್ಕೇ ಹೋಗಿ ನೀರು ಹಸಿರುಗಟ್ಟುತ್ತದೆ. ಮೂಳೆಯ ಕ್ಯಾಲ್ಸಿಯಂ, ರಂಜಕ ಅತಿಯಾದರೆ ಸತುವೂ ಮೈಗೆ ಹತ್ತುವುದಿಲ್ಲ.

ಕೋಳಿ ತ್ಯಾಜ್ಯದ ಪುಡಿಯಲ್ಲಿ (ಕೋಳಿ ಕತ್ತರಿಸಿ ಉಳಿದ ಭಾಗಗಳದ್ದು, ಹಿಕ್ಕೆಯದಲ್ಲ) ಮೂಳೆ ಕಡಿಮೆ, ಪ್ರೋಟೀನ್ ಜಾಸ್ತಿ. ಗೆಂಡೆಗೆ ನನ್ನ ಆಯ್ಕೆ ಅದೇ. ರಂಜಕಕ್ಕೆ ಮಾನೋಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿ, ಶೇ 90ಕ್ಕಿಂತ ಹೆಚ್ಚು ದಕ್ಕುತ್ತದೆ. ಡೈಕ್ಯಾಲ್ಸಿಯಂ ಫಾಸ್ಫೇಟ್ ತಂದರೆ ಅರ್ಧವೂ ಸಿಗದು, ಹೆಸರು ಪೂರ್ತಿ ಓದಿ. ಉಂಡೆ ಕಟ್ಟುವ ಮೊದಲೇ ಹಿಟ್ಟಿಗೆ ಬೆರೆಸಿ. ಮೇಲೆ ಉದುರಿಸಿದರೆ ನೀರುಪಾಲು.

ಚಳ್ಳಕೆರೆ ಶೇಂಗಾ ಹಿಂಡಿ, ಅಕ್ಕಿ ತೌಡು ಹಾಕಿ, ಆದರೆ ರಂಜಕಕ್ಕೆ ಅವನ್ನು ನಂಬಬೇಡಿ. ಅವುಗಳ ರಂಜಕದ ಬಹುಪಾಲು ಫೈಟೇಟ್ ಆಗಿ, ಅಂದರೆ ಮೀನಿಗೆ ಜೀರ್ಣವಾಗದ ರೂಪದಲ್ಲಿ, ಸಿಕ್ಕಿಕೊಂಡಿರುತ್ತದೆ. ರಕ್ತದ ಪುಡಿ ಪ್ರೋಟೀನ್, ಕಬ್ಬಿಣಕ್ಕೆ ಸರಿ, ರಂಜಕಕ್ಕಲ್ಲ.

ತಿಲಾಪಿಯಾ, ಪಂಗಾಸಿಯಸ್ ಸಾಕುವವರ ಲೆಕ್ಕ ಬೇರೆ. ಅವಕ್ಕೆ ಜಠರ, ಆಮ್ಲ ಎರಡೂ ಇವೆ. ಮಾಂಸ-ಮೂಳೆ ಪುಡಿಯೂ ತಕ್ಕಮಟ್ಟಿಗೆ ಒಗ್ಗುತ್ತದೆ.