ಕಾರಿನ ಬಾಸ್‌ಗೆ ಮೂರು ದಾರಿ: ನನ್ನ ಮತ ಬಾಗಿಲಿಗೆ

ಮೊದಲೇ ಹೇಳಿಬಿಡುತ್ತೇನೆ. ಕಾರಿನಲ್ಲಿ ಬಾಸ್ (ಹಾಡಿನ ತಗ್ಗಿನ ಗುಮ್ಮನೆ ದನಿ) ಸಾಲದು ಅನಿಸಿದರೆ ಮೊದಲು ಕೈಹಾಕಬೇಕಾದ್ದು ಬಾಗಿಲಿಗೆ. ನಾನು ಮಾಡಿದ್ದು ಉಲ್ಟಾ: ಮೊದಲು ಹೊಸ ಸ್ಪೀಕರ್, ಆಮೇಲೆ ಸೀಟಿನಡಿಯ ಸಬ್‌ವೂಫರ್ (ಬಾಸ್‌ಗೆಂದೇ ಇರುವ ಸ್ಪೀಕರ್), ಕೊನೆಗೆ ಬಾಗಿಲು. ಡಿಕ್ಕಿಯಲ್ಲಿ ದೊಡ್ಡ ಸಬ್‌ವೂಫರ್ ಪೆಟ್ಟಿಗೆ ಮಾತ್ರ ಬೇಡವೇ ಬೇಡ ಅಂತ ಮೊದಲಿಂದಲೂ ಇತ್ತು, ಆ ಜಾಗ ನನಗೆ ಸಾಮಾನಿಗೆ ಬೇಕು.

ಕಾರಿನ ಜೊತೆ ಬಂದ ಸ್ಪೀಕರ್ ತೆಗೆದು 6.5 ಇಂಚಿನ ಕೋಆಕ್ಸಿಯಲ್ (ದೊಡ್ಡದರ ನಡುವೆ ಚಿಕ್ಕ ಸ್ಪೀಕರೂ ಇರುವ) ಜೋಡಿ ಹಾಕಿಸಿದೆ. ದನಿ ತಿಳಿಯಾಯಿತು, ಹಾಡುವವರು ಎದುರಿಗೇ ಕೂತಂತೆ ಕೇಳಿಸಿತು. ಬಾಸ್ ಮಾತ್ರ ಮೊದಲಿಗಿಂತ ಕಡಿಮೆ! ಒಂದು ವಾರ ಈಕ್ವಲೈಜರ್ ತಿರುಗಿಸಿದ್ದೇ ತಿರುಗಿಸಿದ್ದು. ಹೆಡ್ ಯೂನಿಟ್ (ಡ್ಯಾಶ್‌ಬೋರ್ಡಿನ ಸ್ಟೀರಿಯೋ) ಮೇಲೆ 50 ವ್ಯಾಟ್ ಅಂತ ಬರೆದಿದ್ದರೂ ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗೋದು 15ರಿಂದ 20 ವ್ಯಾಟ್. ಬಿಗಿ ಕೋನಿನ (ಗಾಳಿ ತಳ್ಳುವ ಪರದೆಯ) ಹೊಸ ಸ್ಪೀಕರನ್ನು ಅಲ್ಲಾಡಿಸಲು ಅಷ್ಟು ಸಾಲಲಿಲ್ಲ.

ಆದರೆ ಅದಕ್ಕಿಂತ ದೊಡ್ಡ ಕಾರಣ ಗೊತ್ತಾಗಿದ್ದು ಬಾಗಿಲಿನ ಪ್ಯಾನೆಲ್ ಬಿಚ್ಚಿದಾಗ. ಒಳತಗಡಿನಲ್ಲಿ ಅಂಗೈ ತೂರುವಷ್ಟು ದೊಡ್ಡ ತೂತುಗಳು, ಅವುಗಳ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದುಗಡೆ ಎಳೆದುಕೊಳ್ಳುತ್ತೆ. 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ದನಿಯ ಅಲೆಯ ಉದ್ದವೇ ಸುಮಾರು 7 ಮೀಟರ್. ಅದರ ಮುಂದೆ ಒಂದು ಗೇಣು ಏನೇನೂ ಅಲ್ಲ, ಅಷ್ಟು ಹತ್ತಿರದ ತೂತಿನಿಂದ ಹಿಂದಿನ ಗಾಳಿ ಬಂದು ಮುಂದಿನದನ್ನು ಸೇರಿದರೆ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಬಾಸ್ ಹುಟ್ಟಿದಲ್ಲೇ ಸಾಯುತ್ತಿತ್ತು.

ಅಷ್ಟರಲ್ಲಿ ಗೆಳೆಯನೊಬ್ಬ ತನ್ನ ಸೀಟಿನಡಿಯ ಸಬ್‌ವೂಫರನ್ನು ಎರಡು ವಾರಕ್ಕೆ ಕೊಟ್ಟ. 8 ಇಂಚಿನದು, ಆಂಪ್ಲಿಫೈಯರ್ ಒಳಗೇ ಇದೆ. 40 ಹರ್ಟ್ಸ್ ಹತ್ತಿರ ಅದು ಕೊಡುವ ಗುಮ್ಮನೆ ದನಿ ಬಾಗಿಲಿನ ಸ್ಪೀಕರಿನಿಂದ ಬರಲ್ಲ, ಒಪ್ಪುತ್ತೇನೆ. ಆದರೆ ಬ್ಯಾಟರಿಯಿಂದ ಬೇರೆ ವೈರ್ ಎಳೆಯಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಬೇಕು. ಗ್ರೌಂಡ್ (ಕಾರಿನ ತಗಡಿಗೆ ಬಿಗಿಯುವ ಮೈನಸ್ ವೈರ್) ಸರಿಯಿಲ್ಲದೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಕುಂಯ್ ಅನ್ನುತ್ತಿತ್ತು, ಪೇಂಟ್ ಕೆರೆದು ಬರೀ ತಗಡಿಗೆ ಬಿಗಿದ ಮೇಲೆ ನಿಂತಿತು. ಹಿಂದೆ ಯಾರಾದರೂ ಕೂತರೆ ಅವರ ಕಾಲು ತಾಗುತ್ತಿತ್ತು.

ಇನ್ನು ಬಾಗಿಲು. ಹೊರತಗಡಿನ ಒಳಮೈ ಒರೆಸಿ, ಸ್ಪೀಕರ್ ಹಿಂದುಗಡೆ 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ (ಕಂಪನ ತಡೆಯುವ ಅಂಟು ರಬ್ಬರ್) ಹಾಳೆ ಅಂಟಿಸಿ ರೋಲರ್‌ನಿಂದ ಒತ್ತಿದೆ. ಒಳತಗಡಿನ ತೂತುಗಳನ್ನು ಅದೇ ಹಾಳೆಯಿಂದ ಮುಚ್ಚಿ, ಸ್ಪೀಕರ್ ಸುತ್ತ ಫೋಮ್ ರಿಂಗ್ ಇಟ್ಟೆ. ಬಾಗಿಲಿನ ತಳದ ನೀರಿಳಿಯುವ ಕಿಂಡಿಗಳನ್ನು ಮುಚ್ಚಬಾರದು, ತುಕ್ಕು ಹಿಡಿಯುತ್ತೆ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಪ್ರೆಶರ್ ಸೆನ್ಸರ್ ಬಾಗಿಲೊಳಗೇ ಇರುತ್ತೆ. ಅಂಥ ಬಾಗಿಲಿನ ತೂತು ಮುಚ್ಚುವ ಕೆಲಸಕ್ಕೆ ಕೈಹಾಕಬೇಡಿ.

ಎಡಗಡೆಯದು ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಬಲಗಡೆಯದು ನನ್ನ ಜೀವ ಹಿಂಡಿತು. ಪ್ಯಾನೆಲ್ ಕೂರಿಸಿ ಹಾಡು ಹಾಕಿದರೆ, ಬಾಸ್ ಗಿಟಾರಿನ ಒಂದು ಸ್ವರಕ್ಕೆ ಮಾತ್ರ ಗಿರ್ರ್ ಅಂತ ಸದ್ದು. ಮಿಕ್ಕಿದ್ದೆಲ್ಲ ಸರಿ. ಫೋನಿನಲ್ಲಿ ಟೋನ್ ಜನರೇಟರ್ (ಬೇಕಾದ ಹರ್ಟ್ಸಿನ ದನಿ ಹೊರಡಿಸುವ ಆ್ಯಪ್) ಹಾಕಿ 40ರಿಂದ ಮೇಲಕ್ಕೆ ಒಂದೊಂದೇ ಹರ್ಟ್ಸ್ ಏರಿಸಿದೆ. 72ಕ್ಕೆ ಬಂದಾಗ ಶುರುವಾಯಿತು, 76 ದಾಟಿದ ಮೇಲೆ ನಿಂತಿತು. ಟೋನನ್ನು 74ಕ್ಕೆ ಬಿಟ್ಟು ಪ್ಯಾನೆಲ್ ಮೇಲೆ ಅಂಗುಲ ಅಂಗುಲಕ್ಕೂ ಹೆಬ್ಬೆರಳು ಒತ್ತುತ್ತಾ ಹೋದೆ.

ಮೊದಲ ಸಲ ಬಿಚ್ಚಿದಾಗ ಲಾಕ್ ರಾಡ್ ತಗಡಿಗೆ ತಾಗುತ್ತಿರೋದು ಕಂಡಿತು, ಬಟ್ಟೆ ಟೇಪ್ ಸುತ್ತಿದೆ. ಮತ್ತೆ ಗಿರ್ರ್. ಎರಡನೇ ಸಲ, ಕಿಟಕಿ ಸ್ವಿಚ್ಚಿನ ಜೋತುಬಿದ್ದ ಕನೆಕ್ಟರ್. ಅದಕ್ಕೆ ಫೋಮ್ ಸುತ್ತಿದೆ. ಸದ್ದು ಇಳಿಯಿತು, ಹೋಗಲಿಲ್ಲ. ಪ್ರತಿ ಸಲ ಬಿಚ್ಚಿದಾಗಲೂ ಒಂದೆರಡು ಪ್ಲಾಸ್ಟಿಕ್ ಕ್ಲಿಪ್ ಮುರಿಯುತ್ತಿದ್ದವು. ಮೂರನೇ ಸಲ ಸಿಕ್ಕ ಕಳ್ಳ ಆ ಕ್ಲಿಪ್ಪೇ. ಹಿಡಿಕೆಯ ಕೆಳಗಿನದು ಬಿರುಕು ಬಿಟ್ಟು, ತನ್ನ ತೂತಿನಲ್ಲೇ ಕುಣಿಯುತ್ತಿತ್ತು. ಹೊಸ ಕ್ಲಿಪ್ ಹಾಕಿ ಹಿಂದೆ ತೆಳು ಫೋಮ್ ಇಟ್ಟೆ. 74ರ ಟೋನ್ ಸುಮ್ಮನೆ ಗುಂಯ್‌ಗುಟ್ಟಿತು, ಬಾಗಿಲು ಅಲ್ಲಾಡಲಿಲ್ಲ. ನೀವು ಕೆಲಸಕ್ಕಿಳಿಯುವ ಮೊದಲೇ ಹತ್ತು ಕ್ಲಿಪ್ ಹೆಚ್ಚಿಗೆ ತಂದಿಟ್ಟುಕೊಳ್ಳಿ.

ಪೊಲಾರಿಟಿ (ವೈರಿನ ಪ್ಲಸ್-ಮೈನಸ್) ನೋಡಿಕೊಳ್ಳಿ, ಒಂದು ಸ್ಪೀಕರಿನ ವೈರ್ ಅದಲುಬದಲಾದರೂ ಬಾಸ್ ಮಾಯ. ಹೈಪಾಸ್ ಫಿಲ್ಟರ್ (ತೀರಾ ತಗ್ಗಿನ ದನಿ ಸ್ಪೀಕರಿಗೆ ಹೋಗದಂತೆ ತಡೆಯುವುದು) ಇದ್ದರೆ 60 ಹರ್ಟ್ಸಿಗೆ ಇಡಿ.

ನಾನು ದಿನಕ್ಕೆ ಒಂದೂವರೆ ಗಂಟೆ ಒಬ್ಬನೇ ಓಡಿಸುವವನು, ದನಿ ಮಧ್ಯಮದಲ್ಲೇ ಇರುತ್ತೆ. ಸೀಟು ನಡುಗೋದು ಬೇಡ, ಸ್ವರ ಸ್ವರವಾಗಿಯೇ ಕೇಳಿದರೆ ಸಾಕು. ನಾಲ್ಕು ಹಾಳೆ, ಎರಡು ರಿಂಗಿಗೆ ಆದ ಖರ್ಚು ಆ ಸ್ಪೀಕರ್ ಜೋಡಿಯ ಅರ್ಧಕ್ಕೂ ಕಡಿಮೆ. ಎಲೆಕ್ಟ್ರಾನಿಕ್ ಸಂಗೀತವನ್ನೇ ಜೋರಾಗಿ ಕೇಳುವವರಾದರೆ ಬಾಗಿಲು ಮುಗಿಸಿ ಆಮೇಲೆ ಸೀಟಿನಡಿಯದನ್ನು ಸೇರಿಸಿ. ಗೆಳೆಯನ ಸಬ್‌ವೂಫರನ್ನು ನಾನು ಎರಡು ದಿನ ಮೊದಲೇ ವಾಪಸ್ ಕೊಟ್ಟೆ.