ವಿಡಿಯೋ, ಚಾಟ್‌ಬಾಟ್, ಆಂಕಿ: ಪ್ರಾಬಬಿಲಿಟಿ ಕಲಿಯಲು ಯಾವುದು ಮೇಲು?

ಪ್ರಾಬಬಿಲಿಟಿಯನ್ನು, ಅಂದರೆ ಒಂದು ಘಟನೆ ನಡೆಯುವ ಸಾಧ್ಯತೆಯ ಲೆಕ್ಕವನ್ನು, ಬುಡದಿಂದ ಕಲಿಯಬೇಕು ಅಂತ ಹೊರಟಾಗ ಮೂರು ದಾರಿ ಹಿಡಿದು ನೋಡಿದೆ: ಖಾನ್ ಅಕಾಡೆಮಿ ಎಂಬ ಆನ್‌ಲೈನ್ ಕಲಿಕಾ ತಾಣದ ವಿಡಿಯೋಗಳು, ಒಂದು ಎಐ ಚಾಟ್‌ಬಾಟ್, ಮತ್ತೆ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡುಗಳನ್ನು ತೋರಿಸುವ ಆಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪ್. ನಾನು ಅಳೆದದ್ದು ಒಂದೇ ವಿಷಯ. ಇಲ್ಲಿ ತಲೆ ಓಡಿಸುತ್ತಿರುವುದು ಯಾರು, ನಾನಾ, ಯಂತ್ರವಾ?

ವಿಡಿಯೋ ಬಗ್ಗೆ ಹೇಳುವುದು ಕಡಿಮೆ. ಹೊಸ ಪಾಠದ ಪರಿಚಯಕ್ಕೆ ಅದೇ ಹಿತ. ಅರ್ಥವಾಗದಿದ್ದರೆ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಬೇರೆಯವರು ಲೆಕ್ಕ ಬಿಡಿಸುವಾಗ ಎಲ್ಲವೂ ಸಲೀಸು ಅನಿಸುತ್ತದೆ, ಅಲ್ವಾ? ಜೊತೆಗಿರುವ ಅಭ್ಯಾಸದ ಲೆಕ್ಕಗಳನ್ನು ಬಿಟ್ಟರೆ ಅರ್ಧ ಕಲಿಕೆಯನ್ನೇ ಬಿಟ್ಟ ಹಾಗೆ.

ಚಾಟ್‌ಬಾಟ್ ನಾವು ಬಳಸಿದ ಹಾಗೆ. ಒಳ್ಳೆಯ ಮೇಷ್ಟ್ರೂ ಆಗುತ್ತದೆ, ಕಾಪಿ ಚೀಟಿಯೂ ಆಗುತ್ತದೆ. ಅದಕ್ಕೆ ಈ ಲೆಕ್ಕ ಕೊಟ್ಟೆ. ಒಂದು ಕಾಯಿಲೆ 100ರಲ್ಲಿ ಒಬ್ಬರಿಗೆ ಇದೆ. ಟೆಸ್ಟ್ ಮಾಡಿದರೆ ಕಾಯಿಲೆ ಇದ್ದವರಲ್ಲಿ ಶೇ 90 ಜನ ಸಿಕ್ಕಿಬೀಳುತ್ತಾರೆ. ಇಲ್ಲದವರಲ್ಲೂ ಶೇ 10 ಜನರಿಗೆ ಪಾಸಿಟಿವ್ ಬರುತ್ತದೆ. ಹಾಗಾದರೆ ಪಾಸಿಟಿವ್ ಬಂದವರಿಗೆ ನಿಜಕ್ಕೂ ಕಾಯಿಲೆ ಇರುವ ಸಾಧ್ಯತೆ ಎಷ್ಟು?

ಸುಮ್ನೆ ಕೇಳಿದರೆ ಬೇಯ್ಸ್ ಸೂತ್ರ (ಹೊಸ ಮಾಹಿತಿ ಸಿಕ್ಕಾಗ ಸಾಧ್ಯತೆ ಎಷ್ಟು ಬದಲಾಗುತ್ತದೆ ಅಂತ ಹೇಳುವ ಸೂತ್ರ) ಹಾಕಿ ಉತ್ತರ ಬರೆದುಬಿಡುತ್ತದೆ. ಓದಲು ಚೆನ್ನ, ತಲೆಯಲ್ಲಿ ನಿಲ್ಲುವುದಿಲ್ಲ. "ಉತ್ತರ ಹೇಳಬೇಡ, ಒಂದೊಂದೇ ಪ್ರಶ್ನೆ ಕೇಳು" ಅಂದ ಮೇಲೆ ಪಾಠದ ರೀತಿಯೇ ಬೇರೆಯಾಯಿತು. 1000 ಜನರನ್ನು ತೆಗೆದುಕೊಂಡರೆ ಕಾಯಿಲೆ ಎಷ್ಟು ಜನರಿಗೆ? 10. ಅವರಲ್ಲಿ ಪಾಸಿಟಿವ್? 9. ಉಳಿದ 990ರಲ್ಲಿ ಸುಳ್ಳು ಪಾಸಿಟಿವ್? 99. ಅಂದರೆ 108 ಪಾಸಿಟಿವ್‌ಗಳಲ್ಲಿ ನಿಜವಾದ ರೋಗಿಗಳು 9 ಜನ, ಸುಮಾರು ಶೇ 8.3. ಸೂತ್ರ ಎಲ್ಲಿಂದ ಹುಟ್ಟಿತು ಅನ್ನುವುದು ಆಗ ಕಣ್ಣಿಗೆ ಕಟ್ಟಿತು. ನಿಜಕ್ಕೂ ಖುಷಿಯಾಯಿತು.

ಆದರೆ ಚಾಟ್‌ಬಾಟ್‌ಗಳು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತವೆ. ವಿಷಯ ಗೊತ್ತಿಲ್ಲದವರಿಗೆ ಆ ತಪ್ಪು ಕಾಣುವುದೇ ಕಷ್ಟ. ಹಾಗಾಗಿ ಮಕ್ಕಳನ್ನು ಇದರ ಜೊತೆ ಒಂಟಿಯಾಗಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಟೀಚರ್ ಇರಲೇಬೇಕು.

ಮೂರರಲ್ಲಿ ಬೋರು ಜಾಸ್ತಿ ಆಂಕಿಯದು. ಆದರೂ ನಾನು ಬಿಡದೆ ಬಳಸುತ್ತಿರುವುದು ಅದನ್ನೇ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಅನ್ನುವುದನ್ನು ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಬರೆದಿದ್ದರು. ಆಂಕಿ ನಿಂತಿರುವುದು ಅದೇ ವಿಚಾರದ ಮೇಲೆ. ಇನ್ನೇನು ಮರೆಯುತ್ತದೆ ಅನ್ನುವಷ್ಟರಲ್ಲಿ ಕಾರ್ಡನ್ನು ಮತ್ತೆ ಮುಂದಿಡುತ್ತದೆ. ನೆನಪಿದ್ದರೆ ಮುಂದಿನ ಸರದಿ ದೂರ ಹೋಗುತ್ತದೆ, ಇಲ್ಲದಿದ್ದರೆ ಬೇಗ ಬರುತ್ತದೆ. ಅರ್ಥವಾಗದ್ದನ್ನು ಹಾಕಿದರೆ ಮಾತ್ರ ಬರೀ ಬಾಯಿಪಾಠ. ಅದಕ್ಕೇ ನಾನು ಕಾರ್ಡಿನಲ್ಲಿ ಬೇಯ್ಸ್ ಸೂತ್ರ ಬರೆಯಲಿಲ್ಲ, "108ರಲ್ಲಿ 9 ಹೇಗೆ ಬಂತು?" ಅಂತ ಬರೆದೆ.

ಪರೀಕ್ಷೆ ನಾಳಿದ್ದು ಇದ್ದರೆ ಚಾಟ್‌ಬಾಟ್ ಜೊತೆ ಕೂತು ಲೆಕ್ಕ ಮಾಡಿ, ಅಷ್ಟರಲ್ಲಿ ಆಂಕಿ ಫಲ ಕೊಡುವುದಿಲ್ಲ. ಮುಂದಿನ ವರ್ಷವೂ ನೆನಪಿರಬೇಕು ಅಂದರೆ ಕಾರ್ಡ್ ಬರೆಯಲು ಇವತ್ತೇ ಶುರು ಮಾಡಿ. ಕಂಪ್ಯೂಟರಿಗೂ ಆಂಡ್ರಾಯ್ಡ್ ಫೋನಿಗೂ ಆಂಕಿ ಉಚಿತವಾಗಿ ಸಿಗುತ್ತದೆ.