ಕೈಬರಹದಂಥ ಮೂರು ಫಾಂಟ್‌ಗಳು: ಪ್ರಿಂಟ್ ತೆಗೆದು ನೋಡಿದಾಗ

ಮಕ್ಕಳಿಗೆ ಓದಲು ಒಂದು ಪುಟದ ಇಂಗ್ಲಿಷ್ ಕಥೆ, ಡಬ್ಬಿಗಳಿಗೆ ಲೇಬಲ್, ಒಂದು ಥ್ಯಾಂಕ್ಸ್ ಕಾರ್ಡ್. ಇವನ್ನೆಲ್ಲ ಕೈಬರಹದಂತೆ ಕಾಣುವ ಮೂರು ಫಾಂಟ್‌ಗಳಲ್ಲಿ, 12 ಪಾಯಿಂಟ್‌ನಲ್ಲಿ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟೆ. ಕಾಮಿಕ್ ಸಾನ್ಸ್, ಕಾಮಿಕ್ ನ್ಯೂ, ಕ್ಯಾವಿಯಟ್.

ಕಾಮಿಕ್ ಸಾನ್ಸ್ ಅಂದರೆ ನಗುವವರೇ ಜಾಸ್ತಿ. ನಾನೂ ನಕ್ಕವನೇ. 1994ರಲ್ಲಿ ಮೈಕ್ರೋಸಾಫ್ಟ್‌ನ ವಿನ್ಸೆಂಟ್ ಕೊನೇರ್ ಇದನ್ನು ಮಾಡಲು ಹೊರಟದ್ದು ಒಂದು ಕಾರ್ಟೂನ್ ನಾಯಿಗಾಗಿ. ಮೈಕ್ರೋಸಾಫ್ಟ್ ಬಾಬ್ ಎಂಬ ಸಾಫ್ಟ್‌ವೇರ್‌ನಲ್ಲಿ ಆ ನಾಯಿ ಟೈಮ್ಸ್ ನ್ಯೂ ರೋಮನ್‌ನಲ್ಲಿ ಮಾತಾಡುತ್ತಿತ್ತು! ನಾಯಿಯ ಬಾಯಲ್ಲಿ ಪತ್ರಿಕೆಯ ಅಕ್ಷರ ಅಂದರೆ ಹೇಗಿರಬೇಡ? ಆದರೆ ಟೈಮ್ಸ್‌ನ ಅಳತೆಗೆ ಮಾಡಿಟ್ಟ ಮಾತಿನ ಬಲೂನ್‌ಗಳಲ್ಲಿ ಹೊಸ ಅಕ್ಷರ ಸರಿಯಾಗಿ ಕೂರಲಿಲ್ಲ. ಹಾಗಾಗಿ ನಾಯಿಗೇ ಅದು ಸಿಗಲಿಲ್ಲ.

ಕಥೆಯ ಪುಟದಲ್ಲಿ ಮಾತ್ರ ಗೆದ್ದದ್ದು ಇದೇ. ಇದರ ಸಣ್ಣ 'ಎ' ಮಕ್ಕಳು ಬರೆಯಲು ಕಲಿಯುವ ಹಾಗೆಯೇ ಇದೆ, ಒಂದು ಸುತ್ತು, ಪಕ್ಕಕ್ಕೊಂದು ಗೆರೆ. ದೊಡ್ಡ 'ಐ'ಗೆ ಮೇಲೆ ಕೆಳಗೆ ಅಡ್ಡಗೆರೆ ಇರುವುದರಿಂದ ಸಣ್ಣ 'ಎಲ್' ಜೊತೆ ಗೊಂದಲವಿಲ್ಲ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ತೊಡಕು ಇರುವವರಿಗಾಗಿ ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಸೂಚಿಸುವ ಫಾಂಟ್‌ಗಳಲ್ಲಿ ಇದೂ ಇದೆ. ಕಾರ್ಡ್‌ನಲ್ಲಿ ಮಾತ್ರ ಆಫೀಸ್ ಸರ್ಕ್ಯುಲರ್ ನಗಲು ಯತ್ನಿಸಿದ ಹಾಗಿತ್ತು. 2012ರಲ್ಲಿ ಸೆರ್ನ್ ಎಂಬ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹಿಗ್ಸ್ ಎಂಬ ಹೊಸ ಕಣ ಸಿಕ್ಕ ಸುದ್ದಿಯನ್ನು ವಿಜ್ಞಾನಿ ಫಾಬಿಯೋಲಾ ಜನೋಟ್ಟಿ ಇದೇ ಫಾಂಟ್‌ನ ಸ್ಲೈಡ್‌ಗಳಲ್ಲಿ ಹೇಳಿದಾಗ, ಕಣದ ಜೊತೆ ಫಾಂಟೂ ಸುದ್ದಿಯಾಯಿತು.

ಕಾಮಿಕ್ ನ್ಯೂ 2014ರದ್ದು, ಕ್ರೇಗ್ ರೊಜಿನ್ಸ್ಕಿ ಮಾಡಿದ್ದು, ಉಚಿತ. ಅಣ್ಣನ ಅಂಗಿಯನ್ನೇ ಇಸ್ತ್ರಿ ಮಾಡಿ ತೊಟ್ಟ ತಮ್ಮನಂತಿದೆ. ಬೋಲ್ಡ್‌ನಲ್ಲಿ ಲೇಬಲ್‌ಗಳಿಗೆ ಚೆನ್ನಾಗಿ ಒಪ್ಪಿತು. ಅಷ್ಟೇ.

ಕ್ಯಾವಿಯಟ್ ನಿಜವಾಗಿ ಪೆನ್ನು ಹಿಡಿದು ಬರೆದಂತಿದೆ. ಕೈಬರಹದ ಫಾಂಟ್‌ಗಳ ಗುಟ್ಟು ರಟ್ಟಾಗುವುದು ಒಂದೇ ಅಕ್ಷರ ಎರಡು ಸಲ ಬಂದಾಗ. 'ಹಲೋ'ದ ಎರಡು 'ಎಲ್' ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಕೈ ಅಲ್ಲ, ಯಂತ್ರ ಅಂತ ಗೊತ್ತಾಗಿಬಿಡುತ್ತದೆ, ಅಲ್ವಾ? ಕ್ಯಾವಿಯಟ್ ಅಕ್ಷರದ ರೂಪವನ್ನು ಅದು ಬಂದ ಜಾಗಕ್ಕೆ ತಕ್ಕಂತೆ ಸ್ವಲ್ಪ ಬದಲಿಸುತ್ತದೆ. ನನ್ನ ಮೊದಲ ಪ್ರಿಂಟ್‌ನಲ್ಲಿ ಎಲ್ಲ ಒಂದೇ ತರ ಇತ್ತು. ಸುಮ್ನೆ ಬೈದುಕೊಂಡೆ. ಆಮೇಲೆ ತಿಳಿಯಿತು, ವರ್ಡ್‌ನಲ್ಲಿ ಫಾಂಟ್ ಸೆಟ್ಟಿಂಗ್‌ನ 'ಅಡ್ವಾನ್ಸ್ಡ್'ಗೆ ಹೋಗಿ 'ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್'ಗೆ ಟಿಕ್ ಹಾಕಬೇಕು.

ಇದರ ತೊಂದರೆ ಗಾತ್ರದ್ದು. ಸಣ್ಣಕ್ಷರಗಳು ತೀರಾ ಗಿಡ್ಡ. 12 ಪಾಯಿಂಟ್‌ನಲ್ಲಿ ಕಥೆ ಓದುವಾಗ ಮೂರನೇ ಸಾಲಿಗೇ ಕಣ್ಣು ಕಿರಿದಾಯಿತು. 18ಕ್ಕೆ ಏರಿಸಿದರೆ ಪುಟ ಎರಡಾಯಿತು. ನಾಲ್ಕು ಸಾಲಿನ ಕಾರ್ಡ್‌ಗೆ ಮಾತ್ರ ಇದರಷ್ಟು ಚೆಂದ ಬೇರೆಯದು ಕಾಣಲಿಲ್ಲ.

ಮೂರರಲ್ಲೂ ಕನ್ನಡ ಅಕ್ಷರಗಳಿಲ್ಲ. ಕಾರ್ಡ್‌ನ ಕೊನೆಗೆ ನನ್ನ ಹೆಸರು ಕನ್ನಡದಲ್ಲೇ ಇರಲಿ ಅಂತ ಪೆನ್ನಿನಲ್ಲಿ ಬರೆದೆ. ಅದರ ಪಕ್ಕ ಕ್ಯಾವಿಯಟ್ ಸ್ವಲ್ಪ ಜಾಸ್ತಿಯೇ ನೀಟಾಗಿ ಕಂಡಿತು.